ಮಾಟುಂಗದ ಚಿಕ್ಕಮ್ಮ, ಬ್ರಾಮ್ಸ್ ಮತ್ತು ಮುಂಬೈ ಮಳೆ

ಗುರುವಾರ: ಘಾಟಿ, ವಡಾ ಪಾವ್, ಒದ್ದೆ ಶೂ

ರೈಲಿನದೂ ಕನ್ಸರ್ಟಿನದೂ ಟಿಕೆಟ್ ತಿಂಗಳ ಮೊದಲೇ ಆಗಿತ್ತು. ಆ ಕಥೆ ಬೇಡ. ಹೇಳಬೇಕಾದ್ದು ಲೋನಾವಳ ದಾಟಿದ ಮೇಲೆ ಶುರುವಾಗುತ್ತದೆ. ಸೆಪ್ಟೆಂಬರಿನಲ್ಲಿ ಭೋರ್ ಘಾಟಿ ಇಳಿಯುವಾಗ ಕಿಟಕಿ ಪಕ್ಕದ ಸೀಟು ಯಾರಿಗೂ ಬಿಟ್ಟುಕೊಡಬಾರದು. ಸುರಂಗದಿಂದ ಹೊರಗೆ ಬಂದರೆ ಹಸಿರು, ಮತ್ತೆ ಸುರಂಗ, ಮತ್ತೆ ಹೊರಗೆ ಬಂದರೆ ಬಂಡೆ ಮೇಲಿಂದ ನೀರು ಸುರಿಯುತ್ತಿರುತ್ತದೆ, ಮೋಡ ಬೋಗಿಯೊಳಗೇ ಬಂದಂತಿರುತ್ತದೆ. ಕರ್ಜತ್‌ನಲ್ಲಿ ರೈಲು ನಿಂತಾಗ ಎಲ್ಲರೂ ಇಳಿದು ವಡಾ ಪಾವ್‌ಗೆ ಮುಗಿಬಿದ್ದರು. ನಾನೂ ಎರಡು ತಂದೆ. ಒಣ ಬೆಳ್ಳುಳ್ಳಿ ಚಟ್ನಿ ಸ್ವಲ್ಪ ಜಾಸ್ತಿಯೇ ಹಾಕಿದ್ದ, ಕಣ್ಣಲ್ಲಿ ನೀರು ಬಂತು.

ನಾನು ಮೈಸೂರಿನವನು. ಚಿಕ್ಕವನಿದ್ದಾಗ ಕೆಲವು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು ಬಿಟ್ಟೆ. ಆಮೇಲೆ ಯಾವಾಗಲೋ ಹೆಡ್‌ಫೋನಿನಲ್ಲಿ ಬೀಥೊವನ್, ಬ್ರಾಮ್ಸ್ ಅಂಥವರ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವ ಚಟ ಹತ್ತಿತು. ಆದರೆ ಪೂರ್ತಿ ಆರ್ಕೆಸ್ಟ್ರಾದ ಎದುರು ಕೂತು ಕೇಳಿರಲಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ಸರಿಯಾದ ಜಾಗ ಅಂದರೆ ಮುಂಬೈ. ನರಿಮನ್ ಪಾಯಿಂಟ್ ತುದಿಯ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. 2006ರಲ್ಲಿ ಖುಷ್ರೂ ಸುಂಟೂಕ್ ಮತ್ತು ಕಜಕಸ್ತಾನದ ವಯೊಲಿನ್ ವಾದಕ ಮರಾತ್ ಬಿಸೆಂಗಾಲಿಯೆವ್ ಸೇರಿ ಕಟ್ಟಿದ್ದು. ಫೆಬ್ರವರಿ ಮತ್ತು ಸೆಪ್ಟೆಂಬರ್ ಸುಮಾರಿಗೆ ಅವರ ಸೀಸನ್. ಆಗ ಹೊರದೇಶಗಳಿಂದ ವಾದಕರು ಬಂದು ಇಲ್ಲಿನವರ ಜೊತೆ ಸೇರುತ್ತಾರೆ, ವಾದ್ಯವೃಂದ ನಡೆಸುವ ಕಂಡಕ್ಟರ್‌ಗಳೂ ಮುಂದೆ ನಿಂತು ಒಂಟಿಯಾಗಿ ನುಡಿಸುವ ಸೋಲೋಯಿಸ್ಟುಗಳೂ ಅತಿಥಿಗಳಾಗಿ ಬಂದು ಹೋಗುತ್ತಾರೆ.

ದಾದರ್‌ನಲ್ಲಿ ಇಳಿದಾಗ ಮಳೆ ಜೋರು. ಉಳಿದುಕೊಳ್ಳುವುದು ಮಾಟುಂಗದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಟ್ಯಾಕ್ಸಿಯವನು ಗಾಂಧಿ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿ, "ಆಗೇ ಪಾನಿ ಹೈ, ನಹೀ ಜಾಯೇಗಾ" ಅಂದ. ಕಿಂಗ್ಸ್ ಸರ್ಕಲ್ ಕಡೆ ನೀರು ನಿಲ್ಲುವುದು ಅಲ್ಲಿನವರಿಗೆ ಸುದ್ದಿಯೇ ಅಲ್ಲ. ಬ್ಯಾಗು ತಲೆ ಮೇಲಿಟ್ಟುಕೊಂಡು ಮೊಣಕಾಲುದ್ದ ನೀರಲ್ಲಿ ನಡೆದೆ. ಕನ್ಸರ್ಟಿಗೆ ಅಂತ ಪಾಲಿಶ್ ಮಾಡಿಸಿಕೊಂಡು ಬಂದಿದ್ದ ಕಪ್ಪು ಶೂ ಕಾಲಲ್ಲೇ ಇತ್ತು.

ಚಿಕ್ಕಮ್ಮ ಬಾಗಿಲು ತೆಗೆದು ಮೊದಲು ನೋಡಿದ್ದೇ ಕಾಲು. "ಆ ಶೂ ಹೊರಗಡೆನೇ ಬಿಡೋ, ಒಳಗೆ ತರಬೇಡ." ಆಮೇಲೆ ಅದರೊಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಟ್ಟರು. ಊಟಕ್ಕೆ ಬಿಸಿ ಅನ್ನ, ಹುರುಳಿ ಸಾರು. ಊಟದ ಮಧ್ಯೆ ಗೆಳೆಯನ ಫೋನ್ ಬಂತು: ಜ್ವರ, ನಾಳೆ ಬರೋಕಾಗಲ್ಲ. ಅವನಿಗೆ ಅಂತ ತೆಗೆದಿದ್ದ ಟಿಕೆಟ್ ಉಳಿಯಿತು. ಏನು ಮಾಡೋದು ಅಂತ ಯೋಚಿಸುತ್ತಿದ್ದರೆ ಚಿಕ್ಕಮ್ಮನೇ ಅಂದರು, "ನಾನು ಬರ್ತೀನಿ. ಯಾಕೆ ಹಾಗೆ ನೋಡ್ತೀಯ? ಷಣ್ಮುಖಾನಂದ ಹಾಲ್‌ನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯ ಎದುರು ಕೂತು ಕೇಳಿದವಳು ನಾನು."

ಶುಕ್ರವಾರ: ಓಬೋ, ಮೋಹನ, ಒಂದೇ ಏಟಿನ ತಾಳ

ಬೆಳಗ್ಗೆ ಮಳೆ ಬಿಟ್ಟಿತ್ತು. ಶೂ ಒಣಗಿರಲಿಲ್ಲ. ಕೆಫೆ ಮದ್ರಾಸ್ ಮುಂದೆ ಹೆಸರು ಬರೆಸಿ ಕಾಯಬೇಕಾಯಿತು, ವಾರದ ದಿನವೂ ಸಾಲು ಇರುತ್ತದೆ. ಒಬ್ಬಿಬ್ಬರೇ ಹೋದರೆ ಬೇರೆಯವರ ಜೊತೆ ಒಂದೇ ಟೇಬಲ್ಲಿಗೆ ಕೂರಿಸುತ್ತಾರೆ, ಬೇಗ ಆಗುತ್ತದೆ. ರಾಗಿ ದೋಸೆ ತಿಂದೆ. ಆಮೇಲೆ ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಕಡೆ ಸುಮ್ನೆ ಹೋದೆ. 1926ರಲ್ಲಿ ಶುರುವಾದ ಸಂಸ್ಥೆ. ಬಾಗಿಲ ಹತ್ತಿರ ಕೂತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದೆ, ಏನು ಕೆಲಸ ಅಂತೆಲ್ಲ ವಿಚಾರಿಸಿದರು. ಸಿಂಫನಿ ಕೇಳೋಕೆ ಬಂದೆ ಅಂದಾಗ, "ಅದಕ್ಕೇ ಮೈಸೂರಿಂದ ಬಂದ್ರಾ?" ಅಂತ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಸಂಜೆ ಐದಕ್ಕೆ ಹೊರಟೆವು. ಕಾಲಿಗೆ ಚಿಕ್ಕಪ್ಪನ ಶೂ. ಒಂದು ಸೈಜ್ ದೊಡ್ಡದು, ಬಲಗಾಲಿನದು ಪ್ರತಿ ಹೆಜ್ಜೆಗೂ ಕಿರ್ ಅನ್ನುತ್ತದೆ. ಆ ಹೊತ್ತಿಗೆ ಲೋಕಲ್ ಟ್ರೈನ್ ಅಂದರೆ ನನಗೆ ಭಯ. ಆದರೆ ಸಂಜೆ ಜನವೆಲ್ಲ ಉಪನಗರದ ಕಡೆ ಹೋಗುತ್ತಾರೆ, ದಕ್ಷಿಣ ತುದಿಯ ಸಿಎಸ್‌ಎಂಟಿ ಸ್ಟೇಷನ್ ಕಡೆಯ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ. ಅಲ್ಲಿಂದ ನಗರ ಸಾರಿಗೆ ಬೆಸ್ಟ್‌ನ ಎಸಿ ಡಬಲ್ ಡೆಕ್ಕರ್ ಬಸ್ ಎನ್‌ಸಿಪಿಎ ತನಕ ಹೋಗುತ್ತದೆ. ಟ್ಯಾಕ್ಸಿ ಮಾಡೋಣ ಅಂದರೆ ಚಿಕ್ಕಮ್ಮ ಕೇಳಲಿಲ್ಲ, ಮೇಲಿನ ಮಹಡಿಯ ಮುಂದಿನ ಸೀಟೇ ಬೇಕು ಅಂತ ಹತ್ತಿ ಕೂತರು.

ಬಸ್ಸಿನಲ್ಲಿ ಅವರಿಗೆ ಬ್ರಾಮ್ಸ್ ಕಥೆ ಹೇಳಿದೆ. ಅವತ್ತಿನ ಮುಖ್ಯ ಕೃತಿ ಅವನ ಡಬಲ್ ಕನ್ಚೆರ್ಟೊ, ಅಂದರೆ ಆರ್ಕೆಸ್ಟ್ರಾದ ಜೊತೆ ವಯೊಲಿನ್ ಮತ್ತು ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲು) ಎರಡಕ್ಕೂ ಸೇರಿ ಬರೆದದ್ದು. ಯೋಸೆಫ್ ಯೋಆಖಿಮ್ ಅಂತ ದೊಡ್ಡ ವಯೊಲಿನ್ ವಾದಕ, ಬ್ರಾಮ್ಸ್‌ಗೆ ಎಷ್ಟೋ ವರ್ಷಗಳ ಗೆಳೆಯ. ಅವನಿಗೆ ಹೆಂಡತಿ ಅಮಾಲಿಯ ಮೇಲೆ ಅನುಮಾನ ಶುರುವಾಯಿತು. ಬ್ರಾಮ್ಸ್ ಆಕೆಗೆ ಕಾಗದ ಬರೆದು, ನಿನ್ನದೇನೂ ತಪ್ಪಿಲ್ಲ ಅಂದ. ವಿಚ್ಛೇದನದ ಕೇಸಿನಲ್ಲಿ ಆ ಕಾಗದವೇ ಕೋರ್ಟಿಗೆ ಬಂತು, ಗೆಳೆತನ ಮುರಿಯಿತು. ವರ್ಷಗಳಾದ ಮೇಲೆ, 1887ರಲ್ಲಿ, ಬ್ರಾಮ್ಸ್ ಈ ಕನ್ಚೆರ್ಟೊ ಬರೆದು ಯೋಆಖಿಮ್‌ಗೆ ಕಳಿಸಿದ. ಆ ಅಕ್ಟೋಬರಿನಲ್ಲಿ ಕಲೋನ್‌ನಲ್ಲಿ ಮೊದಲ ಸಲ ನುಡಿಸಿದಾಗ ವಯೊಲಿನ್ ಯೋಆಖಿಮ್‌ನದು, ಚೆಲ್ಲೊ ರಾಬರ್ಟ್ ಹೌಸ್‌ಮನ್‌ನದು, ಕಂಡಕ್ಟರ್ ಬ್ರಾಮ್ಸ್ ಸ್ವತಃ.

ಚಿಕ್ಕಮ್ಮ ಫ್ಲೋರಾ ಫೌಂಟನ್ ನೋಡುತ್ತಾ ಕೇಳಿಸಿಕೊಂಡರು. "ಆ ಹೆಣ್ಣುಮಗಳ ಪರ ನಿಂತನಲ್ಲ, ಒಳ್ಳೆಯವನೇ. ಆಮೇಲೆ ಆಕೆ ಏನಾದ್ಲು?" ಆಕೆ ಒಳ್ಳೆಯ ಗಾಯಕಿ, ಹಾಡಿಕೊಂಡೇ ಇದ್ದಳು ಅಂದೆ. "ಹಾಗಾದ್ರೆ ಸರಿ" ಅಂದರು.

ಎನ್‌ಸಿಪಿಎ ಗೇಟಿನ ಹೊರಗೆ ಚಹಾ ಮಾರುವವನ ಹತ್ತಿರ ಕಪ್ಪು ಗೌನ್ ಹಾಕಿದ ಹುಡುಗಿಯೊಬ್ಬಳು ಶುಂಠಿ ಚಹಾ ಕುಡಿಯುತ್ತಾ ನಿಂತಿದ್ದಳು, ಭುಜದ ಮೇಲೆ ಮಳೆಯ ಕೋಟು. ವಾದಕಿ ಅಂತ ಗೊತ್ತಾಯಿತು. ಕೇಳಿದೆ. ವಯೊಲಿನ್‌ಗಿಂತ ಸ್ವಲ್ಪ ದೊಡ್ಡದಾದ ವಿಯೋಲ ನುಡಿಸುತ್ತಾಳಂತೆ, ಊರು ಕಜಕಸ್ತಾನದ ಅಲ್ಮಾಟಿ. ಪ್ರತಿ ಸಲವೂ ಹೊಸ ಕಂಡಕ್ಟರ್ ಬಂದರೆ ಕಷ್ಟ ಆಗಲ್ವಾ ಅಂದೆ. ನಕ್ಕಳು. ಅತಿಥಿಗೆ ಸಿಗುವುದು ಕೆಲವೇ ರಿಹರ್ಸಲ್, ಅಷ್ಟರಲ್ಲಿ ಎಲ್ಲವನ್ನೂ ಬಾಯಲ್ಲಿ ಹೇಳಲು ಸಮಯ ಇರುವುದಿಲ್ಲ. ಕೈ ನೋಡಿಯೇ ತಿಳಿದುಕೊಳ್ಳಬೇಕು. ಜಾಸ್ತಿ ಮಾತಾಡುವ ಕಂಡಕ್ಟರ್ ಅಂದರೆ ನಮಗೆ ಬೇಜಾರು, ಈಗ ಬಂದಿರುವವರು ಹೆಚ್ಚು ಮಾತಾಡಲ್ಲ, ಒಂದೇ ಜಾಗವನ್ನು ಮತ್ತೆ ಮತ್ತೆ ಮೆಲ್ಲಗೆ ನುಡಿಸು ಅಂತಾರೆ ಅಂದಳು. ಅಷ್ಟು ಹೇಳಿ ಲೋಟ ಇಟ್ಟು ಓಡಿದಳು. ಚಿಕ್ಕಮ್ಮನಿಗೆ ಅವಳ ಇಂಗ್ಲಿಷ್ ಪೂರ್ತಿ ಅರ್ಥ ಆಗಲಿಲ್ಲ. "ಪಾಪ, ಎಷ್ಟು ತೆಳ್ಳಗಿದಾಳೆ" ಅಂದರು.

ಜಮ್ಶೆಡ್ ಭಾಭಾ ಥಿಯೇಟರಿಗೆ 1,109 ಸೀಟು. 1999ರಲ್ಲಿ ಶುರುವಾಯಿತು, ಅದಕ್ಕೂ ಮೊದಲು ಕಟ್ಟುತ್ತಿರುವಾಗಲೇ ಬೆಂಕಿ ಬಿದ್ದು ಮತ್ತೆ ಕಟ್ಟಿದ್ದು. ಪ್ರವೇಶದ ಹಜಾರ, ಫೊಯರ್‌ನಲ್ಲಿ ಒಂದು ದೊಡ್ಡ ಅಮೃತಶಿಲೆಯ ಮೆಟ್ಟಿಲು ಇದೆ, ಪಾರ್ಸಿಗಳ ಹಳೆಯ ಬಂಗಲೆ ಪೆಟಿಟ್ ಹಾಲ್‌ನಿಂದ ತಂದು ಇಲ್ಲಿ ಜೋಡಿಸಿದ್ದು. ಅದನ್ನು ಹತ್ತುವಾಗ ಚಿಕ್ಕಪ್ಪನ ಶೂ ಕಿರ್ ಕಿರ್ ಅಂದಿದ್ದು ಇಡೀ ಫೊಯರ್‌ಗೆ ಕೇಳಿಸಿತು. ಸುತ್ತ ಸೂಟುಗಳು, ಮುತ್ತಿನ ಸರಗಳು, ಪಾರ್ಸಿಗಳ ಕಸೂತಿಯ ಗಾರಾ ಸೀರೆಗಳು. ಜೀನ್ಸ್ ಹಾಕಿದವರೂ ಇದ್ದರು, ಯಾರೂ ಏನೂ ಅನ್ನಲಿಲ್ಲ. ಬಟ್ಟೆಗಿಂತ ಮುಖ್ಯ ಒಂದು ಶಾಲು. ಹೊರಗೆ ಬೆವರು ಸುರಿದರೂ ಒಳಗೆ ಎಸಿ ಮೂಳೆಗೆ ಇಳಿಯುತ್ತದೆ. ಹಾಗೇ ಸಮಯಕ್ಕೆ ಮೊದಲೇ ಒಳಗಿರಬೇಕು, ಬಾಗಿಲು ಮುಚ್ಚಿದರೆ ಒಂದು ಕೃತಿ ಮುಗಿಯುವ ತನಕ ಹೊರಗೇ.

ನಮ್ಮ ಸೀಟು ಬಾಲ್ಕನಿಯಲ್ಲಿ. ಕಡಿಮೆ ದರದ್ದು, ಆದರೆ ಮೇಲಿಂದ ಆರ್ಕೆಸ್ಟ್ರಾದ ನಕ್ಷೆಯೇ ಕಾಣುತ್ತದೆ. ಯಾವ ಸಾಲು ಯಾವಾಗ ಕಮಾನು ಎತ್ತುತ್ತದೆ, ಹಾರ್ನಿನವರು ಯಾವಾಗ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲ ಕಾಣುತ್ತದೆ. ಮುಂದಿನ ಸಾಲಿನಲ್ಲಿ ದುಬಾರಿ ದುಡ್ಡು ಕೊಟ್ಟು ಕೂತವರಿಗೆ ಮೊದಲ ವಯೊಲಿನ್‌ಗಳ ಬೆನ್ನು ಮಾತ್ರ ಕಾಣುತ್ತದೆ ಅಂತ ನನ್ನ ಲೆಕ್ಕ.

ದೀಪ ಮಂಕಾಯಿತು. ಓಬೋ ಅನ್ನುವ ಗಾಳಿವಾದ್ಯ ಒಂದು ಸ್ವರ ಹಿಡಿಯಿತು, ಉಳಿದವರೆಲ್ಲ ಅದಕ್ಕೆ ಸೇರಿಸಿಕೊಂಡರು. "ಶ್ರುತಿ ಸೇರಿಸ್ತಿದಾರೆ ಅಲ್ವಾ," ಅಂದರು ಚಿಕ್ಕಮ್ಮ, "ತಂಬೂರಿ ಎಲ್ಲೋ?" ತಂಬೂರಿ ಇಲ್ಲ ಅಂದೆ. "ಹಾಗಾದ್ರೆ ಷಡ್ಜ ಯಾರು ಹಿಡ್ಕೋತಾರೆ?" ಯಾರೂ ಇಲ್ಲ. ನನಗೆ ಈ ಸಂಗೀತದಲ್ಲಿ ಹಲವು ವರ್ಷ ತೊಡಕಾಗಿದ್ದೂ ಅದೇ. ನಮ್ಮ ಕಿವಿ ಕಾಲೂರಲು ಒಂದು ಸಾ ಹುಡುಕುತ್ತದೆ, ಇಲ್ಲಿ ಕಾಲ ಕೆಳಗಿನ ನೆಲವೇ ಜಾಗ ಬದಲಿಸುತ್ತಾ ಹೋಗುತ್ತದೆ.

ಕಂಡಕ್ಟರ್ ಯುರೋಪಿನವರು, ವಯಸ್ಸಾದವರು, ಸಣ್ಣ ಆಳು. ಇದು ವಿಮರ್ಶೆಯಲ್ಲ, ಹಾಗಾಗಿ ಹೆಸರುಗಳನ್ನು ಬಿಡುತ್ತೇನೆ. ಮೊದಲಿಗೆ ಬೀಥೊವನ್‌ನ ಎಗ್ಮಾಂಟ್ ನಾಟಕದ ಓವರ್ಚರ್, ಅಂದರೆ ಮೊದಲ ಸಂಗೀತ, ಆಯಿತು, ಎಲ್ಲರೂ ಇನ್ನೂ ಕೆಮ್ಮುತ್ತಾ ಸೀಟು ಸರಿಮಾಡಿಕೊಳ್ಳುತ್ತಾ ಇದ್ದರು. ಆಮೇಲೆ ಇಬ್ಬರು ಸೋಲೋಯಿಸ್ಟುಗಳು ಬಂದರು. ವಯೊಲಿನ್ ಹೆಂಗಸು ನಿಂತರು, ಚೆಲ್ಲೊ ಯುವಕ ಸಣ್ಣ ಜಗುಲಿಯ ಮೇಲೆ ಕೂತ.

ಆರ್ಕೆಸ್ಟ್ರಾ ನಾಲ್ಕೇ ಬಾರು (ನಮ್ಮ ಆವರ್ತದಂಥದ್ದು) ನುಡಿಸಿ ನಿಂತುಬಿಡುತ್ತದೆ. ಚೆಲ್ಲೊ ಒಂದೇ ಮಾತಾಡುತ್ತದೆ, ಬಹಳ ಹೊತ್ತು. ರೆಕಾರ್ಡಿಂಗಿನಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ, ಆದರೆ ಅಷ್ಟು ಹೊತ್ತು ಉಳಿದವರೆಲ್ಲ ವಾದ್ಯ ಕೆಳಗಿಟ್ಟು ಅವನೊಬ್ಬನನ್ನೇ ನೋಡುತ್ತಾ ಕೂತಿರುತ್ತಾರೆ ಅನ್ನುವುದು ಕಿವಿಗೆ ಗೊತ್ತಾಗುವ ವಿಷಯವಲ್ಲ. ಕಂಡಕ್ಟರ್ ಬೆತ್ತ ಇಳಿಸಿ ಕೈಕಟ್ಟಿ ನಿಂತಿದ್ದರು. ಆಮೇಲೆ ವಯೊಲಿನ್ ಬಂತು, ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಮುಂದುವರಿಸಿದರು. "ಜಗಳ ಇನ್ನೂ ಮುಗಿದಿಲ್ಲ" ಅಂತ ಚಿಕ್ಕಮ್ಮ ಪಿಸುಗುಟ್ಟಿದರು.

ಮೊದಲ ಭಾಗ ಮುಗಿದಾಗ ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಬಿತ್ತು, ಮುಂದಿನ ಸಾಲಿನ ಕೆಲವರು ತಿರುಗಿ ಕಣ್ಣು ಬಿಟ್ಟರು. ಭಾಗಗಳ ಮಧ್ಯೆ ತಟ್ಟಬಾರದು ಅನ್ನುವುದು ಈಗಿನ ಪದ್ಧತಿ. ಬ್ರಾಮ್ಸ್ ಕಾಲದಲ್ಲಿ ತಟ್ಟುತ್ತಿದ್ದರು, ಯಾರೂ ಸಾಯುತ್ತಿರಲಿಲ್ಲ. ಒಳ್ಳೆಯ ನೆರವಲಿಗೆ ಭಲೇ ಅನ್ನದೆ ಕೂರುವ ಕಚೇರಿ ನಮಗೆ ಅಭ್ಯಾಸವೂ ಇಲ್ಲ. ಕಂಡಕ್ಟರ್ ಅರ್ಧ ತಿರುಗಿ ಸಣ್ಣಗೆ ನಕ್ಕರು, ಅಷ್ಟೇ.

ಎರಡನೆಯ ಭಾಗ ಆಂದಾಂತೆ, ಅಂದರೆ ನಿಧಾನ ನಡಿಗೆಯ ಗತಿ. ಹಾರ್ನಿನ ಒಂದು ಕರೆ, ಗಾಳಿವಾದ್ಯಗಳ ಉತ್ತರ, ಆಮೇಲೆ ವಯೊಲಿನ್ ಮತ್ತು ಚೆಲ್ಲೊ ಒಂದೇ ಧಾಟಿಯನ್ನು ಮಂದ್ರ ಮಧ್ಯ ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುತ್ತವೆ. ಹಾರ್ಮನಿಯ ಹಂಗಿಲ್ಲ, ಬರೀ ಎಳೆ. ಗಾಯಕರ ಜೊತೆ ಪಿಟೀಲು ಹೋಗುವುದನ್ನು ಕೇಳಿದವರಿಗೆ ಇದು ಥಟ್ಟನೆ ಹಿಡಿಯುತ್ತದೆ. ಚಿಕ್ಕಮ್ಮನ ಕೈ ತೊಡೆ ಮೇಲೆ ತಾಳ ಹಾಕತೊಡಗಿತು. ಮೂರು ಎಣಿಕೆಯ ಲಯ, ಮೊದಲು ಒಂದೆರಡು ಸಲ ತಪ್ಪಿದರು, ಆಮೇಲೆ ಬೆರಳು ಮಡಚಿ ಹಿಡಿದರು. ನೂರಕ್ಕೂ ಹೆಚ್ಚು ವರ್ಷ ಹಿಂದೆ ಮುನಿಸಿಕೊಂಡ ಇಬ್ಬರು ಗೆಳೆಯರು ಇಲ್ಲಿ ಒಂದಾದರು ಅಂತ ನಾನು ಹೇಳಬೇಕಾಗಲಿಲ್ಲ. ಕೊನೆಯ ಭಾಗ ಕುಣಿತ. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ, ಇಬ್ಬರೂ ವಾಪಸ್ ಬಂದು ನಾರ್ವೆಯ ರಚನೆಕಾರ ಹಾಲ್ವೊರ್ಸನ್‌ನ ಪಸಕಾಲ್ಯ ಅನ್ನುವ ಜೋಡಿ ತುಣುಕು ನುಡಿಸಿದರು.

ಇಂಟರ್ವಲ್. ಕಾಫಿಗೆ ಉದ್ದ ಸಾಲು, ಸ್ಯಾಂಡ್‌ವಿಚ್ ಖಾಲಿ. ಪಕ್ಕದ ಸೀಟಿನ ಪಾರ್ಸಿ ಅಜ್ಜ ಮಾತಿಗೆ ಸಿಕ್ಕರು. ಮೆಹ್ಲಿ ಮೆಹ್ತಾ ನುಡಿಸಿದ ವಯೊಲಿನ್ ಅನ್ನು ಅಜ್ಜನ ತಂದೆ ಕೇಳಿದ್ದರಂತೆ. ಮೆಹ್ಲಿ ಅಂದರೆ ಹೆಸರಾಂತ ಕಂಡಕ್ಟರ್ ಜುಬಿನ್ ಮೆಹ್ತಾ ತಂದೆ, 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. 2023ರ ಆಗಸ್ಟಿನಲ್ಲಿ ಜುಬಿನ್ ಈಗ ನಾವು ಕೇಳುತ್ತಿರುವ ಇದೇ ಆರ್ಕೆಸ್ಟ್ರಾವನ್ನು ನಡೆಸಲು ಬಂದಾಗ ತಾನೂ ಕೂತಿದ್ದೆ, ಅರ್ಧ ಹಾಲ್ ಅಳುತ್ತಿತ್ತು ಅಂದರು. ಆಮೇಲೆ ಯಾವ ಊರು ಅಂತ ಕೇಳಿದರು. ಮೈಸೂರು ಅಂದೆ.

"ಮೈಸೂರ್! ಮೆಟ್ನರ್!" ಅಂತ ಕೂಗೇಬಿಟ್ಟರು.

ಜಯಚಾಮರಾಜೇಂದ್ರ ಒಡೆಯರ ವಿಷಯ ಅದು. ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಮರೆತುಹೋಗುತ್ತಿದ್ದಾಗ, ಅವನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟದ್ದು ನಮ್ಮ ಮಹಾರಾಜರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಆ ಹಳೆಯ ರೆಕಾರ್ಡುಗಳು ಅಜ್ಜನ ಮನೆಯಲ್ಲಿವೆಯಂತೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಹಾಡಲ್ಪಟ್ಟಾಗಲೂ ಹಿಂದೆ ಇದ್ದದ್ದು ಮೈಸೂರಿನ ದುಡ್ಡೇ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಟ್, ಕಂಡಕ್ಟರ್ ಫುರ್ಟ್‌ವೆಂಗ್ಲರ್. ನಾನು ಇದನ್ನು ಓದಿ ತಿಳಿದಿದ್ದೆ, ಆದರೆ ಮುಂಬೈಯ ಪಾರ್ಸಿಯೊಬ್ಬರು ನನ್ನ ಊರಿನ ಹೆಸರು ಕೇಳಿ ಅರಮನೆ, ದಸರಾ, ಮೈಸೂರು ಪಾಕ್ ಬಿಟ್ಟು ಮೊದಲು ಮೆಟ್ನರ್ ಅಂದದ್ದು ಬಹಳ ಖುಷಿ ಕೊಟ್ಟಿತು. ಚಿಕ್ಕಮ್ಮ ಸುಮ್ಮನಿರಲಿಲ್ಲ, ಹಿಂದಿಯಲ್ಲಿ ಅವರಿಗೆ ಹೇಳಿದರು: ನಮ್ಮ ಮಹಾರಾಜರು ಬರೀ ದುಡ್ಡು ಕೊಟ್ಟವರಲ್ಲ, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬರೆದವರು. ಅಜ್ಜ ಕಾಗದ ಕೇಳಿ ಬರೆದುಕೊಂಡರು.

ಉತ್ತರಾರ್ಧಕ್ಕೆ ಜೆಕ್ ರಚನೆಕಾರ ದ್ವೋರ್ಜಾಕ್‌ನ ಒಂಬತ್ತನೆಯ ಸಿಂಫನಿ, ನ್ಯೂ ವರ್ಲ್ಡ್. ನ್ಯೂಯಾರ್ಕಿನಲ್ಲಿ ಮೇಷ್ಟರಾಗಿದ್ದಾಗ ಬರೆದದ್ದು, 1893ರ ಡಿಸೆಂಬರಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದ್ದು. ಎಲ್ಲ ಕಡೆ ನುಡಿಸಿ ನುಡಿಸಿ ಸವೆದ ಕೃತಿ ಅಂತ ಮೂಗು ಮುರಿಯುವವರಿದ್ದಾರೆ. ನಾನು ಅವರ ಜೊತೆ ವಾದ ಮಾಡಲ್ಲ. ನಿಧಾನಗತಿಯ ಎರಡನೆಯ ಭಾಗ ಲಾರ್ಗೊದಲ್ಲಿ ಹಿತ್ತಾಳೆ ವಾದ್ಯಗಳು ಬಾಗಿಲು ತೆರೆದ ಮೇಲೆ ಓಬೋದ ದೊಡ್ಡಣ್ಣನಂಥ ಕೋರ್ ಆಂಗ್ಲೇ ಹಾಡಲು ಶುರುಮಾಡಿತು. ಗ ಪ ಪ, ಗ ರಿ ಸ.

ಚಿಕ್ಕಮ್ಮ ನನ್ನ ತೋಳು ಹಿಡಿದರು. "ಮೋಹನ ಕಣೋ ಇದು!"

ಹೌದು, ಆ ಎಳೆ ಶುರುವಾಗುವುದು ಮೋಹನದ ಸ್ವರಗಳಲ್ಲೇ. ಗಮಕ ಇಲ್ಲ, ಸ್ವರಗಳನ್ನು ನೇರ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಅವರು ತಂಬೂರಿ ಕೇಳಲಿಲ್ಲ. ಆ ಭಾಗದ ಕೊನೆಯಲ್ಲಿ ಅದೇ ಎಳೆಯನ್ನು ಕೆಲವೇ ವಯೊಲಿನ್‌ಗಳು ಎತ್ತಿಕೊಳ್ಳುತ್ತವೆ, ಮಧ್ಯೆ ಮಧ್ಯೆ ತಡವರಿಸಿ ನಿಲ್ಲುತ್ತವೆ. ಆ ನಿಲುಗಡೆಗಳಲ್ಲಿ ಕಂಡಕ್ಟರ್ ಕೈ ಗಾಳಿಯಲ್ಲೇ ಇತ್ತು, ಬೆತ್ತ ಅಲುಗಲಿಲ್ಲ. ಸಂಜೆ ಆ ಅಲ್ಮಾಟಿ ಹುಡುಗಿ ಹೇಳಿದ್ದು ಈ ಜಾಗವೇ ಇರಬೇಕು. ಅಷ್ಟು ಮೆಲ್ಲಗೆ ಅಷ್ಟು ಜನ ಒಟ್ಟಿಗೆ ನುಡಿಸುವುದನ್ನು ಯಾವ ಹೆಡ್‌ಫೋನೂ ನನಗೆ ಕೇಳಿಸಿರಲಿಲ್ಲ. ಮೆಲ್ಲಗಿನ ಜಾಗ ಬಂದಾಗ ನಾವು ವಾಲ್ಯೂಮ್ ಏರಿಸಿಬಿಡುತ್ತೇವೆ, ಅಲ್ವಾ?

ಇನ್ನೊಂದು ಚಿಕ್ಕಮ್ಮನ ಶೋಧ. ತಾಳದ ತಟ್ಟೆಗಳನ್ನು ಮುಂದಿಟ್ಟುಕೊಂಡು ಒಬ್ಬ ಹಿಂದೆ ಕೂತಿದ್ದ. ಈ ಇಡೀ ಸಿಂಫನಿಯಲ್ಲಿ ಸಿಂಬಲ್‌ಗೆ ಇರುವುದು ಒಂದೇ ಏಟು, ಅದೂ ಕೊನೆಯ ಭಾಗದಲ್ಲಿ, ಅದೂ ಮೆಲ್ಲಗೆ. ನಾನು ಮೊದಲೇ ಹೇಳಿದ್ದೆ. ಅವನು ಎದ್ದು ನಿಂತಾಗ ಚಿಕ್ಕಮ್ಮ ಮುಂದಕ್ಕೆ ಬಾಗಿದರು. ಸ್ಸ್ ಅಂತ ಒಂದು ಸದ್ದು, ಮತ್ತೆ ಕೂತ. "ಅಷ್ಟೇನಾ? ಇವನಿಗೂ ಅಷ್ಟೇ ಸಂಬಳ ಕೊಡ್ತಾರಾ?"

ಹೊರಗೆ ಬಂದಾಗ ಮತ್ತೆ ಮಳೆ. ಛತ್ರಿ ಇಟ್ಟಿದ್ದ ಕಡೆ ನಮ್ಮದು ಇರಲಿಲ್ಲ, ಅದೇ ಬಣ್ಣದ ಇನ್ನೊಂದು ಇತ್ತು, ಅದಕ್ಕೆ ಒಂದು ಕಡ್ಡಿ ಮುರಿದಿತ್ತು. ಟ್ಯಾಕ್ಸಿಗಳು ಒಂದೂ ನಿಲ್ಲಲಿಲ್ಲ. ಆಟೋ ಅಂತೂ ದಕ್ಷಿಣ ಮುಂಬೈಗೆ ಬರುವಂತೆಯೇ ಇಲ್ಲ. ಮುರಿದ ಛತ್ರಿ ಹಿಡಿದು ಮರೀನ್ ಡ್ರೈವ್ ಕಡೆ ನಡೆದು, ಒಬ್ಬ ಕಾಳಿ ಪೀಲಿ (ಕಪ್ಪು ಹಳದಿ ಟ್ಯಾಕ್ಸಿ) ಯವನನ್ನು ಗೋಗರೆದು ಚರ್ಚ್‌ಗೇಟ್ ಸೇರಿದೆವು. ಮಾಟುಂಗ ರೋಡ್ ಸ್ಟೇಷನ್ನಿನಲ್ಲಿ ಇಳಿದು ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಚಿಕ್ಕಪ್ಪ ಎದ್ದೇ ಇದ್ದರು. ಮೊಸರನ್ನ, ಉಪ್ಪಿನಕಾಯಿ.

ಶನಿವಾರ: ಧೋಬಿ ತಲಾವ್

ರೈಲು ರಾತ್ರಿಗಿತ್ತು. ಮಧ್ಯಾಹ್ನ ಧೋಬಿ ತಲಾವ್‌ಗೆ ಹೋದೆ, ಫರ್ಟಾಡೋಸ್ ಅಂಗಡಿಗೆ. 1865ರಿಂದ ಇರುವ ವ್ಯಾಪಾರ. ಮನೆಯಲ್ಲಿ ಧೂಳು ತಿನ್ನುತ್ತಿರುವ ಪಿಟೀಲಿಗೆ ತಂತಿ ಬೇಕಿತ್ತು. ಯಾವ ತಂತಿ ಅಂತ ಅಂಗಡಿಯವನು ಕೇಳಿದಾಗ ನಾವು ಸ ಪ ಸ ಪ ಅಂತ ಇಳಿಸಿ ಕಟ್ಟುವ ವಿಷಯ ವಿವರಿಸಬೇಕಾಯಿತು. ಪಕ್ಕದಲ್ಲಿ ರಾಳ ಕೊಳ್ಳುತ್ತಿದ್ದ ಗೋವಾದ ಹಿರಿಯರೊಬ್ಬರು ತಿರುಗಿ ನಕ್ಕರು. ಸ್ಟುಡಿಯೋಗಳಲ್ಲಿ ಎಷ್ಟೋ ವರ್ಷ ವಯೊಲಿನ್ ನುಡಿಸಿದವರು.

ಅವರ ಜೊತೆ ಹತ್ತಿರದ ಕಯಾನಿಗೆ ಹೋಗಿ ಬನ್ ಮಸ್ಕಾ ತಿಂದೆವು. 1904ರ ಇರಾನಿ ಕೆಫೆ, ಮರದ ಕುರ್ಚಿಗಳು. ಹಳೆಯ ಹಿಂದಿ ಹಾಡುಗಳ ಹಿಂದಿನ ಆರ್ಕೆಸ್ಟ್ರಾ ಬಹುಪಾಲು ಇವರಂಥ ಗೋವಾದವರದೇ. ಸಂಗೀತ ನಿರ್ದೇಶಕರು ಹಾಡಿ ತೋರಿಸಿದರೆ ಸೆಬಾಸ್ಟಿಯನ್ ಡಿಸೋಜಾ, ಆಂಥನಿ ಗೊನ್ಸಾಲ್ವೆಸ್ ಅಂಥವರು ಅದನ್ನು ನೊಟೇಶನ್ನಿಗೆ ಇಳಿಸಿ ಇಡೀ ವಾದ್ಯವೃಂದಕ್ಕೆ ಹಂಚುತ್ತಿದ್ದರು. ಗೊನ್ಸಾಲ್ವೆಸ್ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಅಂತಲೇ ಕಟ್ಟಿದ್ದರು, ಬಹಳ ಕಾಲ ನಡೆಯಲಿಲ್ಲ. ಆ ಹಿರಿಯರಿಗೆ ಈಗಿನ ಆರ್ಕೆಸ್ಟ್ರಾದ ಮೇಲೆ ಒಂದು ದೂರು. "ಚೆನ್ನಾಗಿ ನುಡಿಸ್ತಾರೆ. ಆದರೆ ಎಷ್ಟು ಜನ ನಮ್ಮವರು?" ಲೆಕ್ಕ ಹಾಕಿದರೆ ಮಾತು ನಿಜ, ವೇದಿಕೆ ಮೇಲೆ ಹೊರಗಿನವರೇ ಜಾಸ್ತಿ. ಆರ್ಕೆಸ್ಟ್ರಾದವರದೇ ಅಕಾಡೆಮಿಯಲ್ಲಿ ಮಕ್ಕಳು ಕಲಿಯುತ್ತಿದ್ದಾರಲ್ಲ ಅಂದೆ. "ಕಲಿತ ಮೇಲೆ ಹೊಟ್ಟೆಗೆ?" ಅಂದರು. ಸ್ಟುಡಿಯೋ ಕೆಲಸ ಕೀಬೋರ್ಡು ಬಂದ ಮೇಲೆ ಹೋಯಿತು, ಮದುವೆ ಬ್ಯಾಂಡಿನಲ್ಲಿ ವಯೊಲಿನ್ ಯಾರೂ ಕೇಳಲ್ಲ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಬಿಲ್ಲು ಅವರೇ ಕೊಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ.

ಮಾಟುಂಗಕ್ಕೆ ವಾಪಸ್ ಬಂದಾಗ ಶೂ ಒಣಗಿ ಕೊರಡಾಗಿತ್ತು. ಚಿಕ್ಕಮ್ಮ ಪಕ್ಕದ ಮನೆಯ ಪಾಲ್ಘಾಟ್ ಮಾಮಿಗೆ ಒಂದೇ ಏಟಿನ ತಾಳದವನ ಕಥೆ ಹೇಳುತ್ತಿದ್ದರು. ನನ್ನನ್ನು ನೋಡಿ, "ಫೆಬ್ರವರೀಲಿ ಮತ್ತೆ ಇದೆಯಂತಲ್ಲ, ಮೂರು ಟಿಕೆಟ್ ತಗೋ, ಇವರೂ ಬರ್ತಾರೆ" ಅಂದರು. ಎನ್‌ಸಿಪಿಎ ಸದಸ್ಯರಿಗೆ ಮೊದಲು ಬುಕಿಂಗ್ ತೆರೆಯುತ್ತದೆ, ಉಳಿದವರಿಗೆ ಆಮೇಲೆ, ಬಾಲ್ಕನಿ ಬೇಗ ಖಾಲಿಯಾಗುತ್ತದೆ ಅಂತ ಹೇಳಿದೆ. ಹಾಗಾದರೆ ಆ ಪಾರ್ಸಿ ಅಜ್ಜನ ನಂಬರ್ ಯಾಕೆ ತಗೊಳ್ಳಲಿಲ್ಲ ಅಂತ ಬೈದರು.